ಇಂಗ್ಲಿಷ್ ಗಾಡಿಯ ಹಾಡು

ಅಥವಾ ಅದು ಮೂರನೆಯ ಹಾಡಲ್ಲವೇನೋ. ಮೂರನೆಯದು ಎಂದು ಎಷ್ಟು ಮಂದಿಗೆ ಹೇಳಿಬಿಟ್ಟಿದ್ದೇನೆ ಎಂದರೆ, ಈಗ ಹೇಳಿದ್ದು ನೆನಪಿದೆ, ಕೇಳಿದ್ದು ನೆನಪಿಲ್ಲ. ರಸ್ತೆಯ ತಿರುವಿನಲ್ಲಿ ಹುಣಸೆಗಿಡದ ಹತ್ತಿರ ಅಣ್ಣನ ಟ್ರ್ಯಾಕ್ಟರು ಕಾಣುವ ಮೊದಲೇ ಹಾಡು ಬರುತ್ತಿತ್ತು, ಅದಂತೂ ಖಚಿತ. ಖಚಿತ ಎಂದು ಬರೆದೆ. ಇರಲಿ, ಹೊಡೆದುಹಾಕುವುದಿಲ್ಲ.

ಹಾಡು ಇಂಗ್ಲಿಷಿನದು. ಒಂದು ರಾಕ್ ಬ್ಯಾಂಡಿನವರು ತಮ್ಮ ಹೆಸರಾದ ಹಾಡುಗಳನ್ನೆಲ್ಲ ಒಟ್ಟುಮಾಡಿ ತಂದ ಸಿ.ಡಿ. ಅಣ್ಣ ಅದನ್ನು ನಿಪ್ಪಾಣಿಯ ಬಸ್‌ಸ್ಟ್ಯಾಂಡಿನ ಎದುರು ಕೊಂಡಿದ್ದ. ಮಿರಜಿನಲ್ಲಿ ಎಂದು ಅವ್ವ ಹೇಳುತ್ತಾಳೆ. ಕವರಿನ ಮೇಲೆ ಉದ್ದ ಕೂದಲಿನ ನಾಲ್ವರು ಗೋಡೆಗೆ ಒರಗಿ ನಿಂತಿದ್ದರು. ಒಬ್ಬನ ಮುಖದ ಮೇಲೆ ಅಂಗಡಿಯವ ಬೆಲೆಯ ಚೀಟಿ ಅಂಟಿಸಿದ್ದ. ಅಣ್ಣ ಅದನ್ನು ಉಗುರಿನಿಂದ ಕೀಳಲು ಹೋಗಿ ಮುಖವನ್ನೂ ಕಿತ್ತ.

"ಇವರು ಬ್ಯಾಂಡಿನವ್ರು" ಎಂದು ನಾನು ತೋರಿಸಿದಾಗ ಅವ್ವ ಕವರನ್ನು ದೂರ ಹಿಡಿದು ನೋಡಿದಳು.

"ಯಾವೂರವ್ರಪಾ? ಲಗ್ನದಾಗ ಹಿಂಗ ಕೂದಲಾ ಬಿಟ್ಕೊಂಡ ಬರತಾರೇನು?"

ಅಣ್ಣನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಎಮ್ಮೆಯ ಔಷಧದ ಬಾಟಲಿಯ ಮೇಲಿನ ಹೆಸರು ಓದುವಷ್ಟು ಬರುತ್ತಿತ್ತು. ಅರ್ಥ ಗೊತ್ತೈತೇನು ನಿನಗ ಎಂದು ನಾನು ಕೇಳಿದ್ದೆ. "ಅರ್ಥ ಆಗೂ ಹಾಡ ಕೇಳಿದ್ರ ನಿದ್ದಿ ಬರತೈತಿ ಲೇ. ಇದು ನಿದ್ದಿ ಬರಾಕ ಬಿಡೂದಿಲ್ಲ" ಎಂದಿದ್ದ. ಉಗಾರದ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳ ಸಾಲಿನಲ್ಲಿ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಕಾಯುವವನಿಗೆ ಅದು ಸರಿಯಾದ ಕಾರಣವೇ. ಸಿ.ಡಿ.ಗೆ ಗೀರು ಬೀಳತೊಡಗಿದಾಗ ಅಥಣಿಯ ಮೊಬೈಲ್ ಅಂಗಡಿಯಲ್ಲಿ ಹಾಡುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಸಿ ಟ್ರ್ಯಾಕ್ಟರಿನ ಟೇಪಿಗೆ ಚುಚ್ಚಿದ. ನಮ್ಮ ಕಡೆ ಕಬ್ಬು ಸಾಗಿಸುವ ಟ್ರ್ಯಾಕ್ಟರೆಂದರೆ ಸ್ಪೀಕರು ಇರಲೇಬೇಕು, ಸೀಟಿನ ಎರಡೂ ಬದಿಗೆ. ಎಲ್ಲರದೂ ಮರಾಠಿ ಹಾಡು, ಜಾನಪದ ಹಾಡು. ಇವನದೊಂದೇ ಇದು. ಕಾರ್ಖಾನೆಯ ಯಾರ್ಡಿನಲ್ಲಿ ಅವನ ಟ್ರ್ಯಾಕ್ಟರಿಗೆ ಇಂಗ್ಲಿಷ್ ಗಾಡಿ ಎಂದು ಹೆಸರು ಬಿದ್ದಿತ್ತು.

ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಸಾಲು ಉದ್ದವಿದ್ದ ದಿನ ಅಣ್ಣ ಹಾಗೇ ಮಲಗುತ್ತಿದ್ದ. ಸಾಲು ಬೇಗ ಸರಿದು, ಖಾಲಿ ಟ್ರಾಲಿ ಎಳೆದುಕೊಂಡು ಇಳಿಹೊತ್ತಿಗೆ ಹೊರಟ ದಿನ, ಹುಣಸೆಗಿಡದ ಹತ್ತಿರ ಹಾಡಿನ ಸದ್ದು ಏರಿಸುತ್ತಿದ್ದ. ಅದನ್ನು ಕೇಳಿ ಅವ್ವ ಒಲೆಯ ಮೇಲೆ ಹಂಚಿಡುತ್ತಿದ್ದಳು. ಅವನು ಟ್ರ್ಯಾಕ್ಟರು ನಿಲ್ಲಿಸಿ ಕೈಕಾಲು ತೊಳೆದು ಬರುವುದರೊಳಗೆ ಮೊದಲ ರೊಟ್ಟಿ ಉಬ್ಬಿರುತ್ತಿತ್ತು. ಪಡಸಾಲೆಯಲ್ಲಿ ಇನ್ನೂ ಬೆಳಕಿರುತ್ತಿತ್ತು.

ಹೀಗೆ ಬರೆದರೆ ದಿನಾಲೂ ನಡೆದಂತೆ ಕಾಣುತ್ತದೆ. ನಾನು ಇರುವುದು ಚಿಕ್ಕೋಡಿಯಲ್ಲಿ. ಊರಿಗೆ ಹೋಗುವುದು ಭಾನುವಾರ, ಅದೂ ಎಲ್ಲ ಭಾನುವಾರ ಅಲ್ಲ. ನಾನೇ ಕಂಡದ್ದು ಕೆಲವು ಸಂಜೆಗಳು ಮಾತ್ರ. ಉಳಿದವನ್ನು ಅವುಗಳಿಂದಲೇ ಮಾಡಿಕೊಂಡಿದ್ದೇನೆ.

ಹೋದ ಹಂಗಾಮಿನ ನಡುವೆ ಅಣ್ಣನಿಗೆ ಎದೆನೋವು ಬಂತು. ಮಿರಜಿಗೆ ಒಯ್ದರು. ತರುವಾಗ ನಾನು ಡ್ರೈವರನ ಪಕ್ಕ ಕುಳಿತಿದ್ದೆ. ಡ್ರೈವರ್ ಕಾಗವಾಡದಲ್ಲಿ ನಿಲ್ಲಿಸಿ ಗಾಜು ಒರೆಸಿದ. ಇದರ ಬಗ್ಗೆ ನನ್ನಲ್ಲಿ ಇರುವುದು ಇಷ್ಟೇ.

ಈ ಹಂಗಾಮು ಸುರುವಾಗುವ ಮೊದಲು ಟ್ರ್ಯಾಕ್ಟರನ್ನೂ ಟ್ರಾಲಿಯನ್ನೂ ಮಾರಿದೆವು. ಕೊಂಡವರು ಇಲ್ಲೇ ಅಥಣಿ ಕಡೆಯ ಅನಂತಪುರದವರು, ಅಪ್ಪನಿಗೆ ಸಂತೆಯ ಪರಿಚಯ. ಚಹಾ ಕುಡಿದು ಅವರು ಸೀಟಿನ ಮೇಲೆ ಹತ್ತಿ ಕುಳಿತಾಗ ಅಪ್ಪ ಪಕ್ಕದಿಂದ ಕೈಹಾಕಿ ಟೇಪಿನಿಂದ ಪೆನ್‌ಡ್ರೈವ್ ಕಿತ್ತುಕೊಂಡ.

"ಕಾಕಾ, ಅದನ್ಯಾಕ ತಗೀತೀರಿ?"

"ಎತ್ತ ಮಾರಿದ್ರ ಹಗ್ಗ ನಾವ ಇಟ್ಕೋತೀವಿಲ್ಲಪಾ? ಹಂಗ."

"ಟ್ರ್ಯಾಕ್ಟರಿಗೆ ಎಲ್ಲೀ ಹಗ್ಗರಿ?"

"ಇದು ಅಂತ ತಿಳಕೋ."

ಮಾರಿದ ಎತ್ತಿನ ಹಗ್ಗವನ್ನು ಕೊಂಡವರಿಗೆ ಕೊಡುವುದು ನಮ್ಮಲ್ಲಿಲ್ಲ. ಕೊಟ್ಟರೆ ಗೋದಲಿ ಬರಿದಾಗುತ್ತದೆ ಎನ್ನುತ್ತಾರೆ. ನಮ್ಮ ಗೋದಲಿಯಲ್ಲಿ ಎತ್ತು ಕಟ್ಟಿ ಬಹಳ ವರ್ಷವಾಗಿದೆ, ಹಗ್ಗಗಳು ಮಾತ್ರ ಇನ್ನೂ ಗೂಟದಲ್ಲಿವೆ.

ಕೊಂಡವರು ನಕ್ಕರು. "ಯಾರ್ಡಿನ್ಯಾಗ ಇದಕ್ಕ ಇಂಗ್ಲಿಷ್ ಗಾಡಿ ಅಂತಾರ್ರಿ. ಹಾಡ ಇಲ್ಲದ ಒಯ್ದ್ರ ಕಳವಿನ ಮಾಲ ಅಂತ ನನ್ನ ಹಿಡೀತಾರ ನೋಡ್ರಿ." ಅಪ್ಪನೂ ನಕ್ಕ. ಪೆನ್‌ಡ್ರೈವ್ ಅಂಗಿಯ ಕಿಸೆಗೆ ಹೋಯಿತು. ಆಮೇಲೆ ಅದು ನನ್ನ ಕೈಗೆ ಬಂತು. ಅಪ್ಪ ಕೊಟ್ಟನೋ, ನಾನೇ ತೆಗೆದುಕೊಂಡೆನೋ.

ನನಗೆ ಬೇಕಿದ್ದದ್ದು ಒಂದೇ: ತಿರುವಿನಲ್ಲಿ ಅವನು ಹಚ್ಚುತ್ತಿದ್ದದ್ದು ಯಾವ ಹಾಡು. ಅದನ್ನು ಕಂಡುಹಿಡಿದರೆ ಅವನದೆಂದು ಏನಾದರೂ ನನ್ನ ಬಳಿ ಉಳಿಯುತ್ತದೆ ಎಂದುಕೊಂಡಿದ್ದೆ. ಫೋಟೋಗಳು ಬೇಡವಾಗಿದ್ದವು. ಅವುಗಳಲ್ಲಿ ಅವನು ಯಾರದೋ ಮದುವೆಯಲ್ಲಿ ಕಣ್ಣು ಮುಚ್ಚಿ ನಿಂತಿರುತ್ತಾನೆ.

ಒಂದು ಭಾನುವಾರ ಮಧ್ಯಾಹ್ನ ಪೆನ್‌ಡ್ರೈವನ್ನು ಟಿವಿಗೆ ಚುಚ್ಚಿ ಒಂದೊಂದೇ ಹಾಡು ಹಚ್ಚಿದೆ. ಹೆಸರುಗಳಿರಲಿಲ್ಲ, ಅಂಗಡಿಯವ ಬರೀ ಅಂಕಿ ಹಾಕಿದ್ದ. ಅಂಕಿಗಳೂ ಸಿ.ಡಿ. ಕವರಿನ ಹಿಂದಿನ ಕ್ರಮಕ್ಕೆ ತಾಳೆಯಾಗಲಿಲ್ಲ. ಮೂರನೆಯದು ಯಾವ ಮೂರನೆಯದು ಎಂಬುದೂ ಹೋಯಿತು. ಕವರಿನ ಪಟ್ಟಿಯ ಕೊನೆಗೆ ಎರಡು ಹೊಸ ಹಾಡುಗಳಿದ್ದವು. ಹಳೆಯ ಹಾಡುಗಳು ಮನೆಯಲ್ಲಿ ಇದ್ದವರೂ ಇದನ್ನು ಕೊಳ್ಳಲಿ ಎಂದು ಸೇರಿಸಿದವು. ಅವನ್ನು ಆಗಿನ್ನೂ ಯಾರೂ ಕೇಳಿರಲಿಲ್ಲ, ಆದರೂ ಎಲ್ಲರೂ ಮೆಚ್ಚಿದ ಹಾಡುಗಳ ಜೊತೆ ಕುಳಿತಿದ್ದವು. ಅಣ್ಣನದು ಅವುಗಳಲ್ಲಿ ಒಂದೇ ಇರಬಹುದು ಎಂದೂ ಅನಿಸಿತು. ಕೇಳಿದೆ. ಏನೂ ಆಗಲಿಲ್ಲ. ಅಳು ಬರುತ್ತದೆ ಎಂದು ಬಾಗಿಲು ಮುಂದೆ ಮಾಡಿದ್ದೆ. ಎದ್ದು ತೆಗೆದೆ.

ಅವ್ವ ಒಳಗೆ ಹಿಟ್ಟು ಸಾಣಿಸುತ್ತಿದ್ದಳು. ಪ್ರತಿ ಹಾಡಿಗೂ "ಇದ ಹಾಡೇನವ್ವಾ?" ಎಂದು ಕೂಗಿ ಕೇಳಿದೆ.

"ಇರಬೇಕು."

ಮುಂದಿನದಕ್ಕೂ "ಇರಬೇಕು." ಅದರ ಮುಂದಿನದಕ್ಕೆ, "ಎಷ್ಟ ಒದರತಾರೋ. ಹೊಟ್ಟಿಗೆ ಏನರ ತಿಂದಾರೋ ಇಲ್ಲೋ."

ಅದೇ ದಿನ ಸಂಜೆ. ಅದೇ ದಿನ ಎಂದು ಬರೆದರೆ ಕಥೆಗೆ ಅನುಕೂಲ, ಇನ್ನೊಂದು ಭಾನುವಾರವೂ ಇರಬಹುದು. ನಾನು ಅಡುಗೆಮನೆಯ ಹೊಸ್ತಿಲ ಬಳಿ ಕುಳಿತಿದ್ದೆ. ನಮ್ಮ ಊಟ ಆಗಲೇ ಮುಗಿದಿತ್ತು. ಅವ್ವ ಪಾತ್ರೆ ತಿಕ್ಕುತ್ತಿದ್ದವಳು ಕೈ ತೊಳೆದುಕೊಂಡು ಎದ್ದಳು. ಹಂಚಿಟ್ಟಳು. ಹಿಟ್ಟಿನ ಡಬ್ಬಿ ತೆಗೆದು ರೊಟ್ಟಿ ತಟ್ಟತೊಡಗಿದಳು. ಯಾರಿಗೆ ಎಂದು ನಾನು ಕೇಳುವಷ್ಟರಲ್ಲಿ ರಸ್ತೆಯಲ್ಲಿ ಅನಂತಪುರದವರ ಟ್ರ್ಯಾಕ್ಟರು ಉಗಾರದಿಂದ ವಾಪಸು ಹೋಯಿತು. ಹಾಡಿರಲಿಲ್ಲ.

ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿಬಿಟ್ಟಿದ್ದಳು. ಕಿಟಕಿಯ ಕಡೆ ಒಮ್ಮೆ ನೋಡಿ, ಅರಿವೆ ನೀರಿನಲ್ಲಿ ಅದ್ದಿ ರೊಟ್ಟಿಯ ಮೇಲೆ ಸವರಿದಳು.

"ಹಾಡ ಹಚ್ಚಿಲ್ಲಲ್ಲವ್ವಾ. ಹೆಂಗ ಗೊತ್ತಾತು?"

"ಹಾಡೇನು? ಟ್ರಾಲಿ ಕೊಂಡಿ ಅಂತೈತಲ್ಲ, ಗಡ್ ಗಡ್ ಅಂತ. ಖಾಲಿ ಇದ್ರ ಹಂಗ ಅಂತೈತದು. ರಿಪೇರಿ ಮಾಡ್ಸೋ ಅಂದ್ರ ಮಾಡ್ಸಲೇ ಇಲ್ಲ ಅಂವಾ."

"ಮತ್ತ ಹಾಡು?"

"ಹಾಡ ಅಂವಾ ಹಚ್ಚತಿದ್ದ. ನಾ ಎಲ್ಲಿ ಕೇಳತಿದ್ದೆ?"

ರೊಟ್ಟಿ ಉಬ್ಬಿತು. ಅವ್ವ ಅದನ್ನು ತಟ್ಟೆಗೆ ಹಾಕಿ ನನ್ನ ಮುಂದೆ ಸರಿಸಿದಳು. "ಉಣ್ಣ ಲಗೂ. ಹೊತ್ತ ಮುಳಗತೈತಿ." ಹಸಿವಿರಲಿಲ್ಲ. ತಿಂದೆ. ಜೊತೆಗೆ ಏನು ಬಡಿಸಿದಳು ಎಂದು ಈಗ ಹೊಳೆಯುತ್ತಿಲ್ಲ.

ಪೆನ್‌ಡ್ರೈವ್ ನನ್ನ ಚಿಕ್ಕೋಡಿಯ ಮನೆಯಲ್ಲಿದೆ. ಇತ್ತೀಚೆಗೆ ಹಚ್ಚಿಲ್ಲ. ಅಣ್ಣ ತಿರುವಿನಲ್ಲಿ ಸದ್ದು ಏರಿಸುತ್ತಿದ್ದದ್ದು ಅವ್ವನಿಗೆ ಕೇಳಲೆಂದೋ, ಅವನಿಗೇ ಬೇಕೆನಿಸಿಯೋ, ಅಥವಾ ಸುಮ್ಮನೆಯೋ, ನನಗೆ ಗೊತ್ತಿಲ್ಲ. ಅದು ಯಾವ ಹಾಡು ಎಂಬುದೂ ಗೊತ್ತಿಲ್ಲ.