ಚಂದ್ರಿಕಾ ಮನೆಯ ಕೊಲೆ ಮತ್ತು ಗಸಗಸೆ ಪಾಯಸ

ನಾನು ಸತ್ತಿದ್ದು ಒಂದು ಭಾನುವಾರ ಮಧ್ಯಾಹ್ನ, ಆನೇಮಹಲ್‌ನಲ್ಲಿ, ನನ್ನ ತಮ್ಮನ ಮನೆಯ ದಿವಾನದ ಮೇಲೆ. ಕೊಂದವರು ಯಾರು ಎಂಬುದು ಆಮೇಲೆ. ಮೊದಲು ನನ್ನನ್ನು ಹೆಣ ಮಾಡಿದವಳ ವಿಷಯ ಹೇಳಬೇಕು.

ಅವಳು ಚಂದ್ರಿಕಾ, ನನ್ನ ತಮ್ಮ ಯೋಗೇಶನ ಹೆಂಡತಿ. ಬಿಸಿಲೆ ಕಡೆಯ ಒಂದು ಹೋಂಸ್ಟೇಯಲ್ಲಿ ಅಡುಗೆಯವಳು. ಅವಳ ಕೈರುಚಿಗೆ ಬೆಂಗಳೂರಿನಿಂದ ಬಂದವರು ಬೆರಳು ಚೀಪುತ್ತಾರೆ, ಕಡುಬಿನ ಫೋಟೋ ತೆಗೆದು ಎಲ್ಲೆಲ್ಲೋ ಹಾಕುತ್ತಾರೆ. ಅವಳ ಬೀದಿಯ ದಿನಸಿ ಅಂಗಡಿ ಸಾಹುಕಾರರು ಚನ್ನಬಸವಯ್ಯನವರೇ ಒಮ್ಮೆ ನೆಂಟರ ಜೊತೆ ಅಲ್ಲಿಗೆ ಹೋಗಿ, ಮತ್ತೆ ಮತ್ತೆ ಬಡಿಸಿಕೊಂಡು ಉಂಡು ಬಂದಿದ್ದರು. ಒಳಗೆ ಬೇಯಿಸುತ್ತಿದ್ದವಳು ಯಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹೋಂಸ್ಟೇ ಅಂದರೆ ಹೋಟೆಲ್ಲು, ಹೋಟೆಲ್ಲಿನ ಅಡುಗೆಗೆ ಜಾತಿ ಇರುವುದಿಲ್ಲವಂತೆ.

ಅದೇ ಚಂದ್ರಿಕಾ ತನ್ನ ಮನೆಗೆ ಕರೆದರೆ ಕಥೆಯೇ ಬೇರೆ. ಯೋಗೇಶ ಲೈನ್‌ಮನ್, ಕಂಬ ಹತ್ತಿ ಇಳಿದು, ಹತ್ತಿ ಇಳಿದು ಒಂದು ಮನೆ ಕಟ್ಟಿಸಿದ. ಇವಳು ಹಟ ಹಿಡಿದು ಎಂಟು ಕುರ್ಚಿಯ ಊಟದ ಮೇಜು ತರಿಸಿದಳು. ಬೀದಿಯವರು ಬರುತ್ತಾರೆ, ಕೂರುತ್ತಾರೆ, ಮೇಜು ಸವರಿ ‘ತೇಗದ್ದಾ?’ ಎಂದು ಕೇಳುತ್ತಾರೆ. ಬಾಳೆಹಣ್ಣು ಕೊಟ್ಟರೆ ತಿನ್ನುತ್ತಾರೆ, ಅದಕ್ಕೆ ಸಿಪ್ಪೆ ಇದೆಯಲ್ಲ. ಬಿಸ್ಕತ್ತೂ ತಿನ್ನುತ್ತಾರೆ, ಪ್ಯಾಕೆಟ್ಟನ್ನು ಅವರ ಕಣ್ಣೆದುರೇ ಒಡೆದರೆ. ಊಟಕ್ಕೆ ಏಳಿ ಎಂದ ಕೂಡಲೇ ಒಬ್ಬರಿಗೆ ಸೋಮವಾರ, ಒಬ್ಬರಿಗೆ ಗ್ಯಾಸ್ಟ್ರಿಕ್, ಒಬ್ಬರಿಗೆ ಶುಗರ್. ಜಾತಿ ಎಂಬ ಮಾತನ್ನು ಈಗ ಯಾರೂ ಬಾಯಿಬಿಟ್ಟು ಆಡುವುದಿಲ್ಲ, ಎಲ್ಲರೂ ಓದಿದವರು ನೋಡಿ. ಶುಗರ್ ಎನ್ನುತ್ತಾರೆ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ಹೆಸರು ಮುನಿಯಮ್ಮ. ರಿಟೈರಾದ ಮೇಲೆ ಮಾರನಹಳ್ಳಿಯಲ್ಲಿ ಇದ್ದೇನೆ. ಚನ್ನಬಸವಯ್ಯನವರ ಹೆಂಡತಿ ಜಗದಾಂಬಳಿಗೆ ಹೆರಿಗೆ ಕಷ್ಟವಾಗಿ ಮನೆಮಂದಿಯೆಲ್ಲ ಕೈಚೆಲ್ಲಿದ್ದಾಗ ಅವಳ ಮಗ ರೇವಂತನನ್ನು ಈ ಲೋಕಕ್ಕೆ ಎಳೆದು ತಂದದ್ದು ಇದೇ ಕೈ. ಅವತ್ತು ಆ ಮನೆಯಲ್ಲಿ ಯಾರಿಗೂ ಶುಗರ್ ಇರಲಿಲ್ಲ.

ಇಂಥದ್ದನ್ನು ನಾನು ಎದುರಿಗೇ ಹೇಳಿಬಿಡುತ್ತೇನೆ. ಚಂದ್ರಿಕಾ ಹೇಳುವವಳಲ್ಲ. ಒಂದು ದಿನ ಅಕ್ಕಿಹಿಟ್ಟು ನಾದುತ್ತಾ ತನ್ನಷ್ಟಕ್ಕೆ ಎಂಬಂತೆ ಅಂದಳು: “ಊರೋರೆಲ್ಲ ನನ್ ಅಡ್ಗೆ ಹೊಗಳ್ತಾರೆ ಅಕ್ಕ. ತಿನ್ನದೇನೇ ಹೊಗಳ್ತಾರೆ. ಒಬ್ರಾದ್ರೂ ಈ ಮೇಜಿನ್ ಮುಂದೆ ಕೂತು, ಉಪ್ಪು ಕಮ್ಮಿ ಆಗೈತೆ ಕಣೇ ಅಂತ ಬೈಬೇಕು. ಅಷ್ಟೇ ನಂಗೆ ಬೇಕಿರೋದು.”

“ಬಯ್ಯೋಕೆ ನಾನಿಲ್ವಾ?” ಎಂದೆ.

“ನೀವು ಎಲ್ಲಾದಕ್ಕೂ ಬೈತೀರ. ಅದು ಲೆಕ್ಕಕ್ಕಿಲ್ಲ.”

ಇದಾಗಿ ಸ್ವಲ್ಪ ದಿನಕ್ಕೆ ಅವಳ ಹೋಂಸ್ಟೇಗೆ ಬಂದ ಒಂದು ಗುಂಪು ಊಟದ ಹೊತ್ತಿಗೆ ಕೊಲೆ ಆಟ ಆಡಿತಂತೆ. ಒಬ್ಬರು ಸತ್ತಂತೆ ಬಿದ್ದಿರುವುದು, ಉಳಿದವರು ಒಂದೊಂದು ವೇಷ ಹಾಕಿ, ಉಣ್ಣುತ್ತಾ ಉಣ್ಣುತ್ತಾ ಕೊಂದವರು ಯಾರೆಂದು ಪತ್ತೆ ಮಾಡುವುದು. ಚಂದ್ರಿಕಾ ಬಡಿಸುತ್ತಾ ಬಡಿಸುತ್ತಾ ಪೂರ್ತಿ ಕಲಿತುಬಿಟ್ಟಳು. ಮನೆಗೆ ಬಂದು ತನ್ನದೇ ಒಂದು ಕಥೆ ಕಟ್ಟಿ, ಆಟಕ್ಕೆ ತನ್ನದೇ ಒಂದು ಕಾನೂನೂ ಸೇರಿಸಿದಳು: ಬಡಿಸಿದ್ದನ್ನು ಖಾಲಿ ಮಾಡಿದವರಿಗೆ ಮಾತ್ರ ಮುಂದಿನ ಸುಳಿವಿನ ಚೀಟಿ. ಕೊನೆಯದು ಗಸಗಸೆ ಪಾಯಸ. ಕೊಂದವರ ಹೆಸರು ಆ ಚೀಟಿಯಲ್ಲಿ.

ಕರೆದದ್ದು ಮೂವರನ್ನು: ಚನ್ನಬಸವಯ್ಯ, ಜಗದಾಂಬ, ಮತ್ತು ಪಕ್ಕದ ಮನೆಯ ರಿಟೈರ್ಡ್ ಹೆಡ್‌ಮೇಡಂ ನಾಗರತ್ನಮ್ಮ. ಮೂವರೂ ಒಪ್ಪಿದರು. ಯಾಕೆ ಒಪ್ಪುವುದಿಲ್ಲ? ಜಗದಾಂಬ ಟಿವಿಯಲ್ಲಿ ಕೊಲೆ ಧಾರಾವಾಹಿ ಬಂದರೆ ಒಲೆ ಮೇಲಿನ ಹಾಲನ್ನೂ ಮರೆಯುವವಳು. ಚನ್ನಬಸವಯ್ಯನವರು ಅಂಗಡಿಯಲ್ಲಿ ಎಣ್ಣೆ ಕದ್ದವನನ್ನು ಹಿಡಿದಾಗಿನಿಂದ ಪೊಲೀಸರಿಗೆಲ್ಲ ಬುದ್ಧಿ ಸಾಲದು ಎನ್ನುವವರು. ನಾಗರತ್ನಮ್ಮನವರಿಗೆ ಯಾವ ಪ್ರಶ್ನೆಗಾದರೂ ಉತ್ತರ ತಮಗೇ ಮೊದಲು ಗೊತ್ತಾಗಬೇಕು. ಕುತೂಹಲಕ್ಕೆ ಶುಗರ್ ಎಲ್ಲಿಂದ ಬರಬೇಕು?

ಹೆಣ ಆಗಲು ನನ್ನನ್ನು ಕರೆಸಿದಳು. “ನಾನೇ ಯಾಕೆ?” ಎಂದರೆ, “ನೀವು ಬಾಯಿ ಬುಟ್ರೆ ಆಟ ಕೆಡ್ತದೆ ಅಕ್ಕ. ಹೆಣ ಆದ್ರೆ ಸುಮ್ನಿರ್ತೀರ” ಎಂದಳು. ಎಷ್ಟು ಧೈರ್ಯ ನೋಡಿ.

ಕತ್ತಲಾದರೆ ಆನೆ ಓಡಾಡುವ ಕಡೆ ರಾತ್ರಿ ಊಟಕ್ಕೆ ಯಾರು ಬರುತ್ತಾರೆ? ಮಧ್ಯಾಹ್ನವೇ ಪರದೆ ಎಳೆದು, ಜೀರೋ ಬಲ್ಬು ಹಾಕಿ ರಾತ್ರಿ ಮಾಡಿದೆವು. ನಾನು ಎಸ್ಟೇಟ್ ಒಡತಿ, ಕಾಫಿ ಕುಡಿಯುತ್ತಾ ಸತ್ತವಳು. ಜಗದಾಂಬ ನನ್ನ ತಂಗಿ, ಚನ್ನಬಸವಯ್ಯ ಡಾಕ್ಟರು, ನಾಗರತ್ನಮ್ಮ ಮನೆಪಾಠದ ಮೇಡಂ, ಯೋಗೇಶ ಇನ್ಸ್‌ಪೆಕ್ಟರು. ಮೂಗಿಗೆ ಹತ್ತಿ ಬೇರೆ ತುರುಕಿದ್ದರು. ಎಷ್ಟೋ ಜನಕ್ಕೆ ನಾನು ತುರುಕಿದ್ದೆ, ನನಗೇ ಇಷ್ಟು ಬೇಗ ಬರುತ್ತದೆ ಅಂದುಕೊಂಡಿರಲಿಲ್ಲ.

ಡಾಕ್ಟರು ಬಂದು ನನ್ನ ನಾಡಿ ನೋಡಬೇಕಿತ್ತು. ಸೆರಗಿನ ಮೇಲಿಂದಲೇ ಒಂದು ಬೆರಳು ಇಟ್ಟಂತೆ ಮಾಡಿ, “ಹೋಗ್ಬುಟ್ಟವ್ರೆ. ಸತ್ತು ಎರಡು ಗಂಟೆ ಮೇಲಾಗೈತೆ” ಎಂದರು. ನನ್ನ ನಾಡಿ ಸಿಟ್ಟಿಗೆ ದಬದಬ ಹೊಡೆದುಕೊಳ್ಳುತ್ತಿತ್ತು.

ಮೊದಲು ಸೌತೆಕಾಯಿ ಕೋಸಂಬರಿ ಬಂತು. ನಾಗರತ್ನಮ್ಮ ಮೆಲ್ಲಗೆ “ಇದು ಬೇಯಿಸಿದ್ದಲ್ವಲ್ಲ” ಎಂದರು. ಆಮೇಲೆ ಮೂವರೂ ಕರುಮ್ ಕುರುಮ್ ಎಂದು ತಿಂದು ಮುಗಿಸಿದರು. ಚೀಟಿ ಸಿಕ್ಕಿತು: ಕಾಫಿಯಲ್ಲಿ ವಿಷವಿರಲಿಲ್ಲ. “ಹಂಗಾದ್ರೆ ವಿಷ ಎಲ್ಲಿಂದ ಬಂತು!” ಎಂದು ಜಗದಾಂಬ ಕುರ್ಚಿಯಲ್ಲೇ ಎಗರಿದ್ದು ನನ್ನ ದಿವಾನದವರೆಗೂ ಕೇಳಿಸಿತು. ಮೀನು ಗಾಳ ಕಚ್ಚಿತು ಎಂದು ನಾನು ಹೆಣದ ಒಳಗೇ ನಕ್ಕೆ.

ಅಷ್ಟರಲ್ಲಿ ಬಿಸಿ ಕಡುಬು, ಅವರೆಕಾಳು ಸಾರು ಬಂದವು. ಅದಕ್ಕಾಗಿ ಚಂದ್ರಿಕಾ ಹೊಸ ಪಾತ್ರೆ ಕೊಂಡಿದ್ದಳು, ಅದನ್ನು ಅವರಿಗೆ ಕಾಣುವಂತೆಯೇ ಇಟ್ಟಿದ್ದಳು. ಘಮ ಮನೆ ತುಂಬಿತು. ಯಾರೂ ಕೈ ಹಾಕಲಿಲ್ಲ.

“ಅಯ್ಯೋ ಚಂದ್ರಿಕಾ,” ಜಗದಾಂಬ ಅಂದಳು, “ಹೆಣ ಇನ್ನೂ ಎತ್ತೇ ಇಲ್ವಲ್ಲೇ! ಹೆಣ ಮನೇಲಿ ಇಟ್ಕಂಡು ಅನ್ನ ಹೆಂಗಮ್ಮ ಮುಟ್ಟೋದು? ನಮ್ ಕಡೆ ಆಗಕಿಲ್ಲ ಕಣಮ್ಮ.”

“ಆಟ ಅಲ್ವಾ ಅಮ್ಮೋರೇ.”

“ಆಟ ಆದ್ರೂ ಹೆಣ ಹೆಣಾನೇ.”

“ಶಾಸ್ತ್ರ ಅಂತ ಒಂದಿದೆ” ಎಂದರು ನಾಗರತ್ನಮ್ಮ. ಚನ್ನಬಸವಯ್ಯನವರು “ಅದೂ ಸರೀನೇ” ಎಂದು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಸುಮ್ಮನಿರಲು ನಾನೇನು ನಿಜವಾಗಿ ಸತ್ತಿದ್ದೆನೇ? ಎದ್ದು ಕೂತೆ. ಮೂಗಿನ ಹತ್ತಿ ಕಿತ್ತು ಎಸೆದೆ. “ತಗಳ್ರಪ್ಪ, ಹೆಣ ಎದ್ದೈತೆ. ಈಗ ಉಣ್ಣಿ!”

“ಥೂ ಥೂ, ಸಿಸ್ಟ್ರಮ್ಮ! ಎದ್ದ ಹೆಣ ಇನ್ನೂ ಕೆಟ್ಟದ್ದು!” ಜಗದಾಂಬ ಚಪ್ಪಲಿ ಹುಡುಕತೊಡಗಿದಳು. “ಇನ್ನು ತಲೆಗೆ ನೀರು ಹಾಕ್ಕಳದೆ ಏನೂ ಮುಟ್ಟಂಗಿಲ್ಲ.” ಮೂವರೂ ಎದ್ದರು. ಹೋಗುವಾಗ ತಟ್ಟೆಯಲ್ಲಿದ್ದ ಬಾಳೆಹಣ್ಣು ಮಾತ್ರ ಮರೆಯದೆ ತೆಗೆದುಕೊಂಡರು. ಗೇಟಿನ ಹತ್ತಿರ ಚನ್ನಬಸವಯ್ಯನವರಿಗೆ ತಡೆಯಲಾಗಲಿಲ್ಲ. “ಅಂದಂಗೆ ಚಂದ್ರಿಕಾ, ಕೊಂದೋರು ಯಾರಮ್ಮ?”

“ಅದು ಪಾಯಸದ ಚೀಟೀಲೈತೆ ಸಾವ್ಕಾರ್ರೇ. ಉಂಡೋರಿಗೆ ಹೇಳ್ತೀನಿ.”

ಒಳಗೆ ಬಂದು ಅವಳು ಕಡುಬನ್ನು ಒಂದೊಂದಾಗಿ ತಿರುಗಿ ಪಾತ್ರೆಗೆ ಹಾಕಿದಳು. ನಾನು ಆ ಮೂವರ ವಂಶವನ್ನೆಲ್ಲ ಉದ್ಧಾರ ಮಾಡುತ್ತಿದ್ದೆ. ಅವಳು ಪಾಯಸದ ಚೀಟಿಯನ್ನು ಮಡಿಚಿ ಡಬ್ಬಿಯಲ್ಲಿ ಜೋಪಾನ ಮಾಡಿದಳು.

ಆಮೇಲೆ ಶುರುವಾಯಿತು ನೋಡಿ ಮಜಾ. ಚಂದ್ರಿಕಾ ಫೋನಿನಲ್ಲಿ ಹೇಳುತ್ತಿದ್ದಳು. ಅಂಗಡಿಗೆ ಹೋದರೆ ಸಾಹುಕಾರರು ಸಕ್ಕರೆ ಕಟ್ಟುತ್ತಾ “ತಂಗಿನೇ ತಾನೇ ಕೊಂದಿದ್ದು?” ಎನ್ನುವರು. ನಲ್ಲಿ ಹತ್ತಿರ ಜಗದಾಂಬ “ಡಾಕ್ಟರೇ ಅಂತ ನನ್ ಲೆಕ್ಕ, ಹೌದೋ ಅಲ್ವೋ ಅಷ್ಟು ಹೇಳು ಸಾಕು” ಎನ್ನುವಳು. ನಾಗರತ್ನಮ್ಮ ಕಾಂಪೌಂಡಿನ ಮೇಲಿಂದ ಬಗ್ಗಿ, ಯೋಚಿಸಿ ಯೋಚಿಸಿ ನಿದ್ದೆ ಬರುತ್ತಿಲ್ಲ ಎನ್ನುವರು. ಎಲ್ಲರಿಗೂ ಇವಳದು ಒಂದೇ ಉತ್ತರ: “ಊಟಕ್ಕೆ ಬನ್ನಿ.” ದಿನ ಕಳೆದಂತೆ ಅವರು ಕೇಳುವುದನ್ನೇ ಬಿಟ್ಟರಂತೆ. ಆಸೆ ಬಿಟ್ಟರು ಎಂದು ನಾನು ಅಂದುಕೊಂಡೆ.

ಮುಂದಿನ ಸಲ ತಮ್ಮನ ಮನೆಗೆ ಹೋದಾಗ ಚಂದ್ರಿಕಾ ಜೊತೆ ಚನ್ನಬಸವಯ್ಯನವರ ಅಂಗಡಿಗೆ ಹೋದೆ. ಗಲ್ಲಾದ ಹತ್ತಿರ ಜಗದಾಂಬ ಇದ್ದಳು, ನಾಗರತ್ನಮ್ಮ ಸೋಪು ಆರಿಸುತ್ತಿದ್ದರು. ಮೂವರೂ ಒಂದೇ ಕಡೆ ಸಿಕ್ಕಿದರೆ ನನ್ನ ಬಾಯಿ ಸುಮ್ಮನಿರುತ್ತದೆಯೇ?

“ಏನ್ ಸಾವ್ಕಾರ್ರೇ, ನನ್ ಕೊಲೆ ಕೇಸು ಎಲ್ಲಿಗ್ ಬಂತು? ನಂಗಂತೂ ಡಾಕ್ಟರ್ ಮೇಲೇ ಅನುಮಾನ. ನಾಡಿ ಹಿಡಿಯಕ್ಕೂ ಬರ್ದೇ ಇರೋ ಡಾಕ್ಟರು!”

ಅಂಗಡಿ ತುಂಬ ಜನರ ಎದುರು ಕೊಲೆಗಾರ ಅನ್ನಿಸಿಕೊಳ್ಳಲು ಅವರಿಗಾಗಲಿಲ್ಲ. ಮುಖ ಕೆಂಪಗಾಯಿತು. “ನಾನ್ಯಾಕೆ ಕೊಲ್ಲಲಿ ಸಿಸ್ಟ್ರೇ? ಕೊಂದಿದ್ದು ಮನೆಪಾಠದ ಮೇಡಮ್ಮು! ವೀಳ್ಯದೆಲೆಗೆ ವಿಷ ಸವರಿದ್ದು ಅವ್ರು!”

“ಸವರಿದ್ದು ನಾನೇ ಇರಬಹುದು,” ನಾಗರತ್ನಮ್ಮ ಸೋಪು ಕುಕ್ಕಿದರು, “ಆದ್ರೆ ವಿಷ ತಂದುಕೊಟ್ಟಿದ್ದು ನಿಮ್ಮ ಹೆಂಡತಿ! ಅದನ್ಯಾಕೆ ಮುಚ್ಚಿಡ್ತೀರಿ?”

“ಇಲಿ ಪಾಷಾಣ ಅಂತ ಕೇಳಿದ್ರಿ, ಕೊಟ್ಟೆ!” ಜಗದಾಂಬ ಗಲ್ಲಾ ಬಿಟ್ಟು ಎದ್ದಳು. “ಮನ್ಷರಿಗೆ ಅಂತ ನಂಗೇನ್ ಗೊತ್ತಿತ್ತು? ಚೀಟೀಲಿ ಹಂಗೇ ಐತೆ, ಬೇಕಾದ್ರೆ ನೋಡಿ!”

ಅಷ್ಟು ಹೇಳಿ ಅವಳ ಬಾಯಿ ತೆರೆದಂತೆಯೇ ಉಳಿಯಿತು. ಗಂಡ ಹೆಂಡತಿಯನ್ನು ನೋಡಿದರು. ಹೆಂಡತಿ ನಾಗರತ್ನಮ್ಮನವರನ್ನು ನೋಡಿದಳು. ನಾಗರತ್ನಮ್ಮ ಸೋಪಿನ ಮೇಲಿನ ಅಕ್ಷರ ಓದತೊಡಗಿದರು. ಆ ಚೀಟಿ ಪಾಯಸದ ಬಟ್ಟಲು ಖಾಲಿ ಮಾಡಿದವರಿಗೆ ಬಿಟ್ಟು ಇನ್ಯಾರಿಗೂ ಸಿಗುವಂಥದ್ದಲ್ಲ. ಮೂವರೂ ಉಂಡಿದ್ದರು! ಕಡುಬು, ಸಾರು, ಪಾಯಸ, ಒಂದನ್ನೂ ಬಿಡದೆ ಉಂಡಿದ್ದರು!

ನಾನು ಚಂದ್ರಿಕಾಳ ಕಡೆ ತಿರುಗಿದೆ. “ನಂಗೂ ಹೇಳ್ಲಿಲ್ವಲ್ಲೇ!”

“ಒಬ್ಬೊಬ್ರೇ ಬಂದಿದ್ರು ಅಕ್ಕ, ಹಿತ್ಲ ಬಾಗ್ಲಿಂದ” ಎಂದಳು ಅವಳು ತಣ್ಣಗೆ. “ಅಮ್ಮೋರು ಬಂದಿದ್ದು ಸಾವ್ಕಾರ್ರು ಹಾಸನಕ್ಕೆ ಹೋದಾಗ. ಸಾವ್ಕಾರ್ರು ಬಂದಿದ್ದು ಅಮ್ಮೋರು ಭಜನೆಗೆ ಹೋದಾಗ. ಯಾರಿಗೂ ಹೇಳ್ಬ್ಯಾಡ ಅಂತ ಮೂರು ಜನಾನೂ ಆಣೆ ಹಾಕಿಸ್ಕಂಡ್ರು. ಅಡ್ಗೆಮನೇಲಿ ನಿಂತ್ಕಂಡೇ ಉಂಡ್ರು. ಎಲ್ರೂ ಚೆನ್ನಾಗೈತೆ ಅಂದ್ರು.” ಆಮೇಲೆ ಅವರ ಕಡೆ ತಿರುಗಿದಳು. “ಇವತ್ತಿಂದ ಹಿತ್ಲ ಬಾಗ್ಲಿಗೆ ಬೀಗ. ಭಾನುವಾರ ಮೇಜಿನ್ ಮೇಲೆ ಎಲೆ ಹಾಕಿರ್ತೀನಿ. ಬರೋರು ಮುಂದ್ಲ ಬಾಗ್ಲಿಂದ ಬನ್ನಿ.”

ಭಾನುವಾರ ಎಲೆ ಹಾಕಿದಳು. ನಾನೂ ಯೋಗೇಶನೂ ಕೂತೆವು. ಉಳಿದ ಕುರ್ಚಿಗಳು ನಮ್ಮನ್ನು ಅಣಕಿಸುತ್ತಿದ್ದವು. ಜಗದಾಂಬ ಬರಲಿಲ್ಲ. ನಾಗರತ್ನಮ್ಮನವರ ಕಿಟಕಿಯ ಪರದೆ ಮಾತ್ರ ಆಗಾಗ ಅಲ್ಲಾಡುತ್ತಿತ್ತು. ಬಹಳ ಹೊತ್ತಾದ ಮೇಲೆ ಗೇಟಿನಾಚೆ ಚನ್ನಬಸವಯ್ಯನವರು ಕಾಣಿಸಿಕೊಂಡರು. ಕೈಯಲ್ಲಿ ಊಟದ ಕ್ಯಾರಿಯರ್.

“ಚಂದ್ರಿಕಾ, ಮನೇಲಿ ಜಗದಾಂಬಂಗೆ ಹುಷಾರಿಲ್ಲ. ಒಂಚೂರು ಇದಕ್ಕೆ ಹಾಕ್ಕೊಟ್ಬುಡು, ತಗಂಡ್ ಹೋಗ್ತೀನಿ.”

“ಕ್ಯಾರಿಯರ್‌ಗೆ ಹಾಕಲ್ಲ ಸಾವ್ಕಾರ್ರೇ. ಎಲೆಗೆ ಹಾಕ್ತೀನಿ.”

ನನ್ನ ನಾಲಿಗೆಯ ತುದಿಗೆ ಏನೇನು ಬಂತೋ ದೇವರಿಗೇ ಗೊತ್ತು. ಚಂದ್ರಿಕಾ ನನ್ನ ಭುಜ ಒತ್ತಿದಳು. “ಅಕ್ಕ, ನೀವಿನ್ನೂ ಹೆಣಾನೇ. ಸುಮ್ಕಿರಿ.”

ಅವರು ರಸ್ತೆಯ ಆ ಕಡೆ ನೋಡಿದರು, ಈ ಕಡೆ ನೋಡಿದರು. ಕ್ಯಾರಿಯರನ್ನು ಕಾಂಪೌಂಡಿನ ಮೇಲಿಟ್ಟು ಗೇಟು ತೆಗೆದರು. ಒಳಗೆ ಬಂದು ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ ಕೂತರು, ಯಾವಾಗ ಬೇಕಾದರೂ ಎದ್ದು ಓಡುವವರಂತೆ. ಚಂದ್ರಿಕಾ ಬಡಿಸಿ, ಸೌಟು ಹಿಡಿದು ಪಕ್ಕದಲ್ಲೇ ನಿಂತಳು. ಅವರು ಕಡುಬು ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಟ್ಟರು. ನಿಧಾನಕ್ಕೆ ಅಗಿದರು. ತಲೆ ಎತ್ತದೆಯೇ ಅಂದರು:

“ಉಪ್ಪು ಒಂಚೂರು ಕಮ್ಮಿ ಆಗೈತೆ ಕಣಮ್ಮ.”

ಉಪ್ಪು ಸರಿಯಾಗಿಯೇ ಇತ್ತು. ನಾನು ಹೇಳಲಿಲ್ಲ. ಉಪ್ಪಿನ ಡಬ್ಬಿ ತರುತ್ತೇನೆಂದು ಒಳಗೆ ಹೋದ ಚಂದ್ರಿಕಾ ಬಹಳ ಹೊತ್ತು ಹೊರಗೆ ಬರಲಿಲ್ಲ.