ಮಗ್ಗ ನಿಂತ ದಿನದ ದಾರಿ

ದೊಡ್ಡಬಳ್ಳಾಪುರಕ್ಕೆ ಬಂದ ಮೊದಲ ಬೆಳಿಗ್ಗೆ ನನ್ನ ಕೈಯಲ್ಲಿದ್ದ, ದಾರಿ ಹೇಳುವ ಫೋನಿನ ಮಾತು ನನಗೇ ಕೇಳಲಿಲ್ಲ. ಓಣಿಯ ಮನೆಮನೆಯೊಳಗೂ ವಿದ್ಯುತ್ ಮಗ್ಗಗಳು ಖಟಖಟ ಬಡಿಯುತ್ತಿದ್ದವು. ಹುಟ್ಟಿನಿಂದ ಕಣ್ಣಿಲ್ಲದ ನನಗೆ ಊರೆಂದರೆ ಸದ್ದು. ಈ ಊರು ಬಾಗಿಲಲ್ಲೇ ಕಿವಿಯನ್ನೂ ಕಿತ್ತುಕೊಂಡಿತು.

ಸಿಂಧನೂರಿನ ಮನೆ ಬಿಟ್ಟು ಸರ್ಕಾರಿ ಕಚೇರಿಯ ಟೆಲಿಫೋನ್ ಕೆಲಸಕ್ಕೆ ಬಂದವಳು ನಾನು. ತಮ್ಮ ಬಸವರಾಜ ಒಂದು ಷರತ್ತಿನ ಮೇಲೆ ಕಳಿಸಿದ್ದ. ಮೂರು ತಿಂಗಳು ಬಿಟ್ಟು ಅವನು ಬಂದಾಗ ನಾನು ಒಬ್ಬಳೇ ಕಚೇರಿಗೆ ನಡೆದು ತೋರಿಸಬೇಕು. ಆಗದಿದ್ದರೆ ವರ್ಗ ಕೇಳಿ ವಾಪಸ್. ಊರಿನಲ್ಲಿ ನಾನು ಒಬ್ಬಳೇ ಅಂಗಳ ದಾಟಿದ್ದೇ ಅಪರೂಪ, ಯಾರಾದರೂ ರಟ್ಟೆ ಹಿಡಿದೇ ಇರುತ್ತಿದ್ದರು. ಒಬ್ಬಳೇ ನಡೆಯುವ ಆಸೆಗೆ ಒಪ್ಪಿದೆ.

ನಮ್ಮ ಕಡೆ ದಾರಿ ಕೇಳಿದರೆ "ಮೂಡಲಕ್ಕ ಹೋಗ್ರಿ, ಆಮ್ಯಾಲ ಬಡಗಲಕ್ಕ ಹೊಳ್ರಿ" ಎನ್ನುತ್ತಾರೆ. ಇಲ್ಲಿ ಹಾಲಿನ ಬೂತಿನವರು ಹೇಳಿದ್ದು, "ಹಿಂಗ್ ಹೋಗ್ಬಿಟ್ಟು ಹಂಗ್ ತಿರುಕ್ಕೊಳ್ಳಿ ಮೇಡಂ, ಅಲ್ಲೇ ಕಾಣುತ್ತೆ." ಕೈ ತೋರಿಸಿರಬೇಕು, ಪುಣ್ಯಾತ್ಮರು. ದಿಕ್ಕು ಹೇಳುತ್ತಿದ್ದದ್ದು ಫೋನ್ ಒಂದೇ. ಅದು "ವಾಯುವ್ಯಕ್ಕೆ ಸಾಗಿ" ಎಂದಾಗ ಹೀಗೇ ದಿಕ್ಕು ಹೇಳುತ್ತಿದ್ದ, ತೀರಿಹೋದ ಅಜ್ಜನೇ ಪಕ್ಕದಲ್ಲಿ ಬರುತ್ತಿದ್ದಾನೆ ಅನಿಸುತ್ತಿತ್ತು. ಆದರೆ ಅದಕ್ಕೆ ರಸ್ತೆ ಗೊತ್ತು, ರಸ್ತೆಯ ಚರಂಡಿ ಗೊತ್ತಿಲ್ಲ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಎಂದು ಇಟ್ಟುಕೊಂಡಿದ್ದೆ.

ನನಗೆ ಕೋಣೆ ಕೊಟ್ಟ ಖುರ್ಷಿದ್ ಖಾಲಾ ನನ್ನ ಗೋಳು ಕೇಳಿ ನಕ್ಕರು. ಖಾಲಾ ಎಂದರೆ ಅವರ ದಖ್ಖನಿಯಲ್ಲಿ ಚಿಕ್ಕಮ್ಮ. "ಮಗ್ಗ ನಿಂತ್ರೆ ನಮಗೆ ನಿದ್ದೆ ಬರಲ್ಲ ಬೇಟಿ. ನೀನೂ ಕೇಳೋದು ಕಲ್ತ್ಕೋ" ಎಂದರು. ಕಲಿತೆ. ನಾಲ್ಕು ಮಗ್ಗದ ಮನೆ ದಾಟಿದರೆ ಬಲಕ್ಕೆ ತಿರುಗಬೇಕು. ಮುಂದೆ ಒಂಟಿ ಮಗ್ಗ ಕುಂಟುತ್ತಾ ಬಡಿಯುವ ಮನೆ ಬಂದರೆ ಎಡಕ್ಕೆ ಸರಿಯಬೇಕು, ಅಲ್ಲಿ ಚರಂಡಿಗೆ ಚಪ್ಪಡಿ ಇಲ್ಲ. ಫೋನನ್ನು ಕಿವಿಗೊತ್ತಿ ಹಿಡಿದು ದಿಕ್ಕು ಕೇಳುತ್ತಿದ್ದೆ, ಗುಂಡಿಯನ್ನು ಮಗ್ಗ ಹೇಳುತ್ತಿತ್ತು. ಎರಡನೇ ತಿಂಗಳಲ್ಲಿ ಒಂದು ದಿನ ಒಬ್ಬಳೇ ಕಚೇರಿ ಮುಟ್ಟಿ, ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ. ಅಷ್ಟು ಸಂತೋಷವಾಗಿತ್ತು. ಆಮೇಲೆ ದಿನವೂ ಹೋದೆ.

ತಮ್ಮ ಬಂದ. "ನೀ ನಡಿ ಅಕ್ಕ, ನಾ ಹಿಂದ ಬರ್ತೀನಿ. ಮಾತಾಡಂಗಿಲ್ಲ" ಎಂದ.

ನಾಲ್ಕು ಮಗ್ಗದ ಮನೆ ದಾಟಿ ಬಲಕ್ಕೆ ತಿರುಗಿದ್ದೆ, ಕರೆಂಟ್ ಹೋಯಿತು. ಇಡೀ ಓಣಿಯ ಮಗ್ಗಗಳು ಒಟ್ಟಿಗೆ ನಿಂತವು. ಮೊದಲ ಸಲ ಫೋನಿನ ದನಿ ಸ್ಪಷ್ಟವಾಗಿ ಕೇಳಿತು, "ನೇರ ಸಾಗಿ." ನಿಲ್ಲೋಣವೆಂದರೆ ಹಿಂದೆ ತಮ್ಮನ ಚಪ್ಪಲಿ ಸದ್ದು. ಹಟಕ್ಕೆ ಬಿದ್ದು ನಡೆದೆ. ಕೋಲಿನ ತುದಿಗೆ ನೆಲ ಸಿಗಲಿಲ್ಲ, ಅಷ್ಟರಲ್ಲಿ ಕಾಲೂ ಇಳಿದಿತ್ತು.

ಮೊಣಕಾಲವರೆಗೆ ಕೊಚ್ಚೆ. ಎತ್ತಿದ ತಮ್ಮ ಬೈಯಲಿಲ್ಲ, ಬೈದಿದ್ದರೆ ಜಗಳವಾಡುತ್ತಿದ್ದೆ. ತನ್ನ ಟವೆಲ್ಲಿನಿಂದ ನನ್ನ ಕಾಲು ಒರೆಸುತ್ತಾ "ಸಾಕು ಬಿಡಕ್ಕ" ಎಂದ. ಖಾಲಾ ಓಡಿಬಂದು "ದಿನಾ ಹೋಗ್ತಿದ್ಲಪ್ಪಾ, ಅಲ್ಲಾ ಕಸಮ್, ದಿನಾ ಹೋಗ್ತಿದ್ಲು" ಎಂದರು. ಅವನು ನನ್ನ ರಟ್ಟೆ ಹಿಡಿದ. ಕರೆಂಟ್ ಬಂತು. ಒಂಟಿ ಮಗ್ಗ ನನ್ನ ಬಲಗಿವಿಯ ಪಕ್ಕದಲ್ಲೇ ಕುಂಟತೊಡಗಿತು.

ವರ್ಗಾವಣೆ ಅರ್ಜಿ ಕೊಟ್ಟಾಯಿತು. ಆದೇಶ ಬರುವವರೆಗೆ ತಮ್ಮ ಆಟೋ ಗೊತ್ತುಮಾಡಿ ಹೋಗಿದ್ದಾನೆ. ಸಿಂಧನೂರಿನಲ್ಲಿ ನನಗೆ ದಿಕ್ಕೆಲ್ಲ ಗೊತ್ತು, ನಡೆಯಲು ಬಿಡುವವರಿಲ್ಲ. ಇಲ್ಲಿ ಒಂದಿಷ್ಟು ದಿನ ನಡೆದಿದ್ದೆ. ಯಾವ ಊರಿನವಳು ಎಂದು ಕೇಳಿದರೆ ಈಗ ತಡವರಿಸುತ್ತೇನೆ.

ಬೆಳಿಗ್ಗೆ ಕೋಲು ಹಿಡಿದು ಹೊಸಿಲಲ್ಲಿ ನಿಲ್ಲುತ್ತೇನೆ. ನಾಲ್ಕು ಮಗ್ಗದ ಮನೆಯವರೆಗೆ ಮನಸ್ಸಿನಲ್ಲೇ ನಡೆದು ಬಲಕ್ಕೆ ತಿರುಗುತ್ತೇನೆ. ಒಂಟಿ ಮಗ್ಗದ ಮನೆ ಬರುವ ಮೊದಲೇ ಆಟೋದವರು ಬಂದು ರಟ್ಟೆ ಹಿಡಿಯುತ್ತಾರೆ.