ನಲವತ್ತನೆಯ ಮಡಿಕೆಯವರೆಗೆ

ನಮ್ಮ ಗುಂಪಿನಲ್ಲಿ ಎಲ್ಲರೂ ಅವರನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದೆವು. ನಿಜವಾಗಿ ಅವರು ಚಿಕ್ಕಮ್ಮ ಆಗಬೇಕಾದದ್ದು ಒಬ್ಬಳಿಗೇ, ಅವರ ಅಕ್ಕನ ಮಗಳಿಗೆ. ಆದರೆ ಅವರಿಗಿಂತ ಆರು ವರ್ಷ ದೊಡ್ಡವನಾದ ನಾನೂ ಹಾಗೇ ಕರೆದು, ನನ್ನ ವಯಸ್ಸನ್ನು ಒಂದಿಷ್ಟು ಇಳಿಸಿಕೊಂಡೆ.

ಬೈಂಡಿಂಗ್ ಅಂಗಡಿಯಲ್ಲಿ ಅವರ ಕೆಲಸ ಫಾರಂ ಮಡಚುವುದು. ಅಚ್ಚಾಗಿ ಬಂದ ದೊಡ್ಡ ಹಾಳೆಯನ್ನು ಮೂರು ಸಲ ಮಡಚಿದರೆ ಹದಿನಾರು ಪುಟ. ಮೂವತ್ತೊಂದು ವರ್ಷ ಇದೇ ಕೆಲಸ. ಅಷ್ಟನ್ನೂ ಬಿಚ್ಚಿ ಸಾಲಾಗಿ ಹಾಸಿದ್ದರೆ ಚಂದ್ರನವರೆಗೆ ನಡೆದು ಹೋಗಿ, ಅಲ್ಲೊಂದು ಚಹಾ ಕುಡಿದು, ಚಿಲ್ಲರೆಗಾಗಿ ಜಗಳವಾಡಿ ವಾಪಸು ಬರಬಹುದಿತ್ತು. ಮಡಿಕೆ ಒತ್ತಲು ಉಳಿದವರಿಗೆ ಎಲುಬಿನ ಪಟ್ಟಿ ಬೇಕು. ಅವರಿಗೆ ಹೆಬ್ಬೆರಳಿನ ಉಗುರು ಸಾಕು. ಆ ಉಗುರು ಒಮ್ಮೆ ಜಾರಿ ಮೇಜೇ ಎರಡು ಮಡಿಕೆಯಾಯಿತು ಎಂದು ನಾನು ಹೇಳುವುದುಂಟು. ಮೇಜು ಇದುವರೆಗೆ ಅಲ್ಲಗಳೆದಿಲ್ಲ.

ಗುಂಪು ಹುಟ್ಟಿದ್ದು ಕಾಗದ ಕತ್ತರಿಸುವ ಯಂತ್ರದ ಬುಡದಲ್ಲಿ. ಶನಿವಾರ ಮಧ್ಯಾಹ್ನ ಯಂತ್ರ ನಿಂತ ಮೇಲೆ ಚಿಕ್ಕಮ್ಮ ರದ್ದಿಯೊಳಗಿಂದ ಚೌಕದ ತುಂಡು ಹೆಕ್ಕಿ ಕಪ್ಪೆ, ಕೊಕ್ಕರೆ ಮಾಡುತ್ತಿದ್ದರು. ನೋಡಲು ನಿಂತವರು ಕೂತರು, ಕೂತವರು ಕಲಿತರು. ಎದುರಿನ ಅಂಗಡಿಯ ವಾಚ್ ರಿಪೇರಿಯವರು ಬಂದರು, ಹಿಂದಿನ ಬೀದಿಯ ನರ್ಸಮ್ಮ ಬಂದರು. ನಿಯಮ ಮೂರು: ಕತ್ತರಿ ಇಲ್ಲ, ಅಂಟು ಇಲ್ಲ, ಬರೆದಿಟ್ಟುಕೊಳ್ಳುವಂತಿಲ್ಲ. ಕೈ ನೋಡಿ ಕೈ ಕಲಿಯಬೇಕು. ಪುಸ್ತಕದ ಬೆನ್ನಿಗೆ ಅಂಟು ಹಚ್ಚುವುದೇ ಕಸುಬಾದ ನನ್ನನ್ನು ಅಲ್ಲಿ ಸೇರಿಸಿಕೊಂಡದ್ದು ಅವರ ದೊಡ್ಡ ಮನಸ್ಸು.

"ಅಂಟಣ್ಣ, ಕೈ ತೊಳ್ಕೊಂಡು ಬಂದ್ರಾ?" ವಾರವಾರವೂ ಚಿಕ್ಕಮ್ಮನಿಂದ ನನಗೆ ಇದೇ ಸ್ವಾಗತ.

ಅವರ ಜೀವಮಾನದ ಆಸ್ತಿ ಒಂದು ಏಡಿ. ಒಂದೇ ಚೌಕ ಹಾಳೆ, ಐವತ್ತೆಂಟು ಮಡಿಕೆ. ಎಂಟು ಕಾಲು, ಇಕ್ಕಳದಂಥ ಎರಡು ಕೈ. ಆರು ವರ್ಷ ಹೆಣಗಿ ತಾವೇ ಕಂಡುಕೊಂಡದ್ದು. ಮೇಜಿನ ಮೇಲಿಟ್ಟರೆ ಹೊಸಬರು ಕಾಲು ಮೇಲೆತ್ತಿ ಕೂರುತ್ತಿದ್ದರು. ವಾರಕ್ಕೆ ಒಂದೇ ಮಡಿಕೆ ಕಲಿಸುತ್ತಿದ್ದರು. ಅದು ಸರಿಯಾಗದೆ ಮುಂದಿನದಿಲ್ಲ. ನಾನು ಏಳಕ್ಕೇ ಮಕಾಡೆ ಮಲಗಿದೆ. ವಾಚಿನವರು ಇಪ್ಪತ್ತಕ್ಕೆ ಕೈಮುಗಿದರು. ಅಕ್ಕನ ಮಗಳು ಮಾತ್ರ ಹಟ ಹಿಡಿದು ನಲವತ್ತು ಮುಟ್ಟಿದಳು.

ಮುಂದಿನ ಶನಿವಾರ ಚಿಕ್ಕಮ್ಮ ಹಾಳೆ ತೆಗೆದುಕೊಂಡು ನಲವತ್ತು ಮಡಿಕೆಯನ್ನೂ ಸರಸರ ಮಡಚಿದರು. ಆಮೇಲೆ ಕೈ ನಿಂತಿತು.

"ಮುಂದೇನು?" ಎಂದರು.

"ತಮಾಷೆ ಸಾಕು ಚಿಕ್ಕಮ್ಮ, ಹೇಳ್ಕೊಡು," ಎಂದಳು ಅಕ್ಕನ ಮಗಳು.

ತಮಾಷೆಯಾಗಿರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಮನೆಯ ದಾರಿಯೂ ತಪ್ಪತೊಡಗಿತು. ನರ್ಸಮ್ಮನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಇದು ಮರೆವಿನ ಕಾಯಿಲೆ, ಹೋದದ್ದು ವಾಪಸು ಬರುವುದಿಲ್ಲ ಎಂದರು ಡಾಕ್ಟರು.

ಹದಿನೆಂಟು ಮಡಿಕೆ ಆ ಒಂದು ತಲೆಯಲ್ಲಿದ್ದವು, ಆ ತಲೆ ಬಾಗಿಲು ಹಾಕಿಕೊಳ್ಳುತ್ತಿತ್ತು. ಅಕ್ಕನ ಮಗಳು ನಿದ್ದೆಗೆಟ್ಟಳು. ಕೊನೆಗೆ ವಾಚಿನವರು ದಾರಿ ಹೇಳಿದರು: "ಗಡಿಯಾರ ಅರ್ಥ ಆಗ್ಬೇಕಂದ್ರೆ ಬಿಚ್ಚಬೇಕು ಕಣಮ್ಮ. ಏಡೀನೂ ಬಿಚ್ಚೋಣ. ಮಡಚಿದ ಗೆರೆ ಕಾಗದ ಬಿಟ್ಟು ಎಲ್ಲಿಗೆ ಹೋಗುತ್ತೆ?"

ಚಿಕ್ಕಮ್ಮ ತಮ್ಮ ಏಡಿಗಳನ್ನು ಕೇಳಿದವರಿಗೆಲ್ಲ ಕೊಟ್ಟುಬಿಟ್ಟಿದ್ದರು. ವಿಚಾರಿಸಿದರೆ ಯಾರ ಬಳಿಯೂ ಈಗ ಇರಲಿಲ್ಲ. ಉಳಿದದ್ದು ಅಂಗಡಿಯ ಗಾಜಿನ ಕಪಾಟಿನಲ್ಲಿದ್ದ ಒಂದೇ ಒಂದು. ಎಲ್ಲರ ಮುಖ ಅರಳಿತು, ನನ್ನದೊಂದನ್ನು ಬಿಟ್ಟು.

"ಅದು ಬಿಚ್ಚೋಕಾಗಲ್ಲಮ್ಮ," ಎಂದೆ.

"ಯಾಕಣ್ಣ?" ಎಂದಳು ಮಗಳು.

"ಅಂಟು ಹಚ್ಚಿದೀನಿ. ಹುಳ ತಿನ್ನಬಾರದು ಅಂತ. ಮೈಲುತುತ್ತ ಹಾಕಿ ತೆಳ್ಳಗೆ ಕಲಸಿ, ಒಳಗೂ ಇಳೀಲಿ ಅಂತ ಮೂರು ಸಲ."

"ಯಾರಿಗೂ ಹೇಳ್ದೆ?"

"ಹೇಳಿದ್ರೆ ಬಿಡ್ತಿದ್ರಾ?"

ಯಾರೂ ಬೈಯಲಿಲ್ಲ. ಬೈದಿದ್ದರೆ ಒಂದಿಷ್ಟು ಹಗುರಾಗುತ್ತಿತ್ತು. ಮೂವತ್ತು ವರ್ಷ ನನ್ನ ಅಂಟು ಆನೆ ಎಳೆದರೂ ಬಿಡುವುದಿಲ್ಲ ಎಂದು ಕೊಚ್ಚಿಕೊಂಡವನು ನಾನು. ಅದೊಂದೇ ನಿಜ ಹೇಳಿದ್ದೆ ಎಂದು ಅವತ್ತು ಗೊತ್ತಾಯಿತು.

ಆದರೂ ಕೆಟಲಿನ ಹಬೆ ಹಿಡಿದೆವು. ನರ್ಸಮ್ಮ ಚಿಮಟ ತಂದು, ಕೂಸಿನ ಕಣ್ಣಿಂದ ಕಸ ತೆಗೆಯುವಷ್ಟು ನಾಜೂಕಾಗಿ ಒಂದು ಕಾಲು ಬಿಡಿಸಿದರು. ಕಾಲು ಬಿಚ್ಚಿಕೊಳ್ಳಲಿಲ್ಲ, ಕಿತ್ತುಬಂತು. ಎರಡನೆಯದೂ ಹಾಗೆಯೇ.

"ಸಾಕು ಬಿಡಿ," ಎಂದಳು ಮಗಳು. "ಇರೋದಾದ್ರೂ ಇರಲಿ."

ಅಷ್ಟರಲ್ಲಿ ಚಿಕ್ಕಮ್ಮ ಬಗ್ಗಿ ನೋಡಿದರು. ಆರು ಕಾಲಿನ ಏಡಿಯನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿದರು.

"ಅಬ್ಬಾ, ಎಂಥ ಕೈ! ಯಾರೇ ಮಾಡಿದ್ದು ಇದನ್ನ?"

"ನೀನೇ, ಚಿಕ್ಕಮ್ಮ."

"ಹೋಗೇ, ನನಗೆಲ್ಲಿ ಬರುತ್ತೆ. ಯಾರೋ ದೊಡ್ಡೋರೇ ಇರಬೇಕು. ಶನಿವಾರ ಬರೋಕೆ ಹೇಳು, ಕಲಿಯೋಣ."

ಈಗಲೂ ಶನಿವಾರ ಸೇರುತ್ತೇವೆ. ಮಗಳು ಒಂದು ಚೌಕ ಹಾಳೆಯನ್ನು ಅವರ ಮುಂದಿಡುತ್ತಾಳೆ. ಬೆರಳುಗಳು ತಾವಾಗಿಯೇ ಹೊರಡುತ್ತವೆ. ಉಗುರು ಇನ್ನೂ ಅಷ್ಟೇ ಚೂಪು. ನಲವತ್ತಕ್ಕೆ ನಿಲ್ಲುತ್ತವೆ. ಆ ಹಂತದಲ್ಲಿ ಅದು ಏಡಿಯೂ ಅಲ್ಲ, ಇನ್ನೇನೂ ಅಲ್ಲ. ದಪ್ಪನೆಯ ಒಂದು ಕಾಗದದ ಗಂಟು. ಚಿಕ್ಕಮ್ಮ ಅದನ್ನು ಹಿಡಿದುಕೊಂಡು ಒಬ್ಬೊಬ್ಬರ ಮುಖವನ್ನೂ ನೋಡುತ್ತಾರೆ.

"ಮುಂದೇನು?"

ನನ್ನ ಸರದಿ ಬಂದಾಗ ನಾನು ತಲೆ ತಗ್ಗಿಸಿ ಉಗುರಿನ ಸಂದಿಯ ಅಂಟು ಕೆರೆದುಕೊಳ್ಳುತ್ತೇನೆ. ಮಗಳು ಹಾಳೆಯನ್ನು ಮೆಲ್ಲಗೆ ಬಿಡಿಸಿ, ಅಂಗೈಯಿಂದ ನೀವಿ, ಮತ್ತೆ ಅವರ ಮುಂದಿಡುತ್ತಾಳೆ.